ಕೂಸಿನ ಬಟ್ಟಲಿಗೂ ಕಂಪನಿಯ ಕೈ!

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಯಂದಿರು ಎದೆಹಾಲಿನೊಂದಿಗೆ ಕೂಸಿಗೆ ಉಣಿಸುತ್ತ ಬಂದದ್ದು ರಾಗಿ ಸರಿ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟದು. ಮೊಳಕೆಯ ಗುಣದಿಂದ ಸರಿ ಗಟ್ಟಿಯಾಗದೆ, ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಇದನ್ನು ಬಡವರ ಕೂಳೆಂದು ಜರೆದು ಡಬ್ಬಿಗೆ ಮೊರೆಹೋಗುವವರು ಕೇಳಿರಿ: ನೆಸ್ಲೆ ಕಂಪನಿಯು ಜರ್ಮನಿ, ಬ್ರಿಟನ್ನುಗಳಲ್ಲಿ ಸಕ್ಕರೆ ಸೇರಿಸದೆ ಮಾರುತ್ತಿದ್ದ ಶಿಶು ಆಹಾರವನ್ನು ಭಾರತದಲ್ಲಿ ಸಕ್ಕರೆ ಬೆರೆಸಿ ಮಾರುತ್ತಿದ್ದುದನ್ನು 2024ರಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಬಯಲಿಗೆಳೆಯಿತು. ಅಲ್ಲಿನ ಕೂಸಿಗೊಂದು ನ್ಯಾಯ, ಇಲ್ಲಿನ ಕೂಸಿಗೊಂದೇ?

ಅರಕಲಗೂಡಿನ ಹೊಲದಲ್ಲಿ ಹೊಗೆಸೊಪ್ಪು ಬೆಳೆದು, ಆ ಹಣದಿಂದ ಡಬ್ಬಿ ಕೊಳ್ಳುವುದು ಪ್ರಗತಿಯಲ್ಲ, ಪರಾಧೀನತೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಅನಂತರ ಅದರ ಜೊತೆಗೆ ಸರಿ ಬೇಕು. ಅದಕ್ಕಾಗಿ ಹೊಲದ ಒಂದು ಮೂಲೆಯಾದರೂ ರಾಗಿಗೆ ಉಳಿಯಲಿ.