ಫಿಲಾಸಫಿ ಕಲ್ತು ಎಂತ ಮಾಡೂದು?

ಪಿಯುಸಿ ರಿಸಲ್ಟ್ ಬಂದ ವಾರ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರ ಮನೆಗೆ ಹೋದರೂ ಕೇಳಿಬರುವ ಪಟ್ಟಿ ಒಂದೇ: ಬಿಕಾಂ, ಬಿಸಿಎ, ಬಿಎಸ್ಸಿ, ನರ್ಸಿಂಗ್, ಸಿಎ. ಈ ಸಲ ಹೊನ್ನಾವರದಲ್ಲಿರುವ ನನ್ನ ಅಕ್ಕನ ಮಗಳು ಪಟ್ಟಿಯಲ್ಲಿಲ್ಲದ ಹೆಸರು ಹೇಳಿದಳು. ಬಿಎ, ಅದರಲ್ಲೂ ಫಿಲಾಸಫಿ. ಭಾವ ಕೇಳಿದ್ದು ಒಂದೇ ಮಾತು: "ಅದ್ನ ಕಲ್ತು ಎಂತ ಮಾಡೂದು?"

ಬೆಂಗಳೂರಲ್ಲಿ ಕೆಲಸದಲ್ಲಿರುವವ ಅನ್ನೋ ಕಾರಣಕ್ಕೆ ಇಂಥ ವಿಷಯಕ್ಕೆಲ್ಲ ಮನೆಯವರು ನನಗೇ ಫೋನ್ ಮಾಡುವುದು. ಭಾವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಚಿಕ್ಕ ತೋಟ, ಒಂದು ಅಂಗಡಿ, ಹಿಂದೆ ಇನ್ನೊಬ್ಬ ಮಗ ಇದ್ದಾನೆ. ಧಾರವಾಡಕ್ಕೆ ಕಳಿಸಿದರೆ ಹಾಸ್ಟೆಲ್ ಖರ್ಚು ಬೇರೆ. "ಐಎಎಸ್‌ಗೆ ಆಪ್ಷನಲ್ ಆಗ್ತದೆ" ಅಂತ ಹೇಳಿ ಒಪ್ಪಿಸಬಹುದಿತ್ತು. ಆಪ್ಷನಲ್ ಇರೋದು ನಿಜ, 500 ಅಂಕದ್ದು. ಆದರೆ ಆ ಆಸೆ ತೋರಿಸಿ ಯಾರನ್ನೂ ಬಿಎಗೆ ಸೇರಿಸಬಾರದು ಅಂತ ನನ್ನ ಅಭಿಪ್ರಾಯ.

ನಮ್ಮವರಿಗೆ ತತ್ವಶಾಸ್ತ್ರ ಅಂದರೆ ಪ್ರವಚನ, ಇಲ್ಲವೇ ರಿಟೈರ್ ಆದ ಮೇಲೆ ಓದುವ ಬಾಬತ್ತು. ಡಿಗ್ರಿಯಲ್ಲಿ ಕಲಿಸುವುದು ಅದಲ್ಲ. ಅಲ್ಲಿ ಬರುವುದು ತರ್ಕ, ನೀತಿಶಾಸ್ತ್ರ, ನಮ್ಮ ದರ್ಶನಗಳು, ಪ್ಲೇಟೊ, ಡೆಕಾರ್ಟ್. ನ್ಯಾಯದರ್ಶನದ ಹಳೇ ಉದಾಹರಣೆ ತಗೊಳ್ಳಿ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಊಹಿಸುತ್ತೇವೆ. ಸರಿ, ಆದರೆ ಜುಲೈನಲ್ಲಿ ಗೇರುಸೊಪ್ಪೆ ಘಟ್ಟದ ಮೇಲೆ ಏಳುವುದು ಹೊಗೆಯೋ ಮಂಜೋ? ಮಂಜನ್ನೇ ಹೊಗೆ ಅಂದುಕೊಂಡರೆ ಮುಂದಿನ ತರ್ಕ ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ. ಇನ್ನೊಂದು, ಶಬ್ದಪ್ರಮಾಣ. ಆಪ್ತನ ಮಾತನ್ನು ನಂಬಬಹುದು ಅನ್ನುತ್ತದೆ ನ್ಯಾಯ. ಅಲ್ಲಿ ಆಪ್ತ ಅಂದರೆ ವಿಷಯ ಬಲ್ಲವನು, ಇದ್ದದ್ದನ್ನು ಇದ್ದಹಾಗೆ ಹೇಳುವವನು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಐದಕ್ಕೇ ಫಾರ್ವರ್ಡ್ ಹಾಕುವ ಚಿಕ್ಕಪ್ಪನೂ ಆಪ್ತರೇ, ಆದರೆ ಆ ಅರ್ಥದಲ್ಲಿ ಅಲ್ಲ! ಇದನ್ನು ಭಾವನಿಗೆ ಹೇಳಿದಾಗ ನಕ್ಕರು. ಅವರು ನಕ್ಕರೆ ಅರ್ಧ ದಾರಿ ಬಂದಹಾಗೆ.

ಉಳಿದರ್ಧಕ್ಕೆ ತಾಳಮದ್ದಳೆ ಸಹಾಯಕ್ಕೆ ಬಂತು. ಭಾವ ರಾತ್ರಿಯಿಡೀ ಕೂತು ಕೇಳುವವರು. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನಲ್ಲ, ನಿನಗೂ ನನಗೂ ಏನು ದ್ವೇಷ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಪದ್ಯ ಬಿಟ್ಟರೆ ಉಳಿದದ್ದೆಲ್ಲ ಅರ್ಥಧಾರಿ ಅಲ್ಲೇ ಕಟ್ಟುವ ಮಾತು. ಕಥೆಯಲ್ಲಿ ವಾಲಿ ಸಾಯಲೇಬೇಕು, ವಾದದಲ್ಲಿ ಸೋಲಲೇಬೇಕು ಅಂತೇನಿಲ್ಲ. ಕಟ್ಟೆಯ ಮೇಲೆ ಕೂತವರು ಮಾರನೇ ದಿನ ಚಹಾ ಅಂಗಡಿಯಲ್ಲೂ ಆ ವಾದ ಮುಂದುವರಿಸುತ್ತಾರೆ. ಕಾಲೇಜಿನ ಎಥಿಕ್ಸ್ ತರಗತಿಯಲ್ಲಿ ನಡೆಯುವುದೂ ಇದೇ. ವ್ಯತ್ಯಾಸ ಇಷ್ಟೇ, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಬರೆದು ತೋರಿಸಿ, ಆಮೇಲೆ ಉತ್ತರ ಕೊಡಬೇಕು.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಹೈಸ್ಕೂಲ್ ಮಾಸ್ತರಿಕೆ ಮಾಡಿಕೊಂಡಿದ್ದ ಗೌರೀಶ ಕಾಯ್ಕಿಣಿಯವರು ಎಂ.ಎನ್. ರಾಯ್ ಅವರ ಮಾನವತಾವಾದದವರೆಗೆ ಓದಿ, ಕನ್ನಡದಲ್ಲಿ ಬರೆದರು. ಇನ್ನು ಎಸ್.ಎಲ್. ಭೈರಪ್ಪ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡಿದ್ದ ಅವರು ಸಾವು ಅಂದರೇನು ಅನ್ನೋ ಪ್ರಶ್ನೆ ಇಟ್ಟುಕೊಂಡೇ ಮೈಸೂರಿನಲ್ಲಿ ಈ ವಿಷಯ ಹಿಡಿದದ್ದು. ಮುಂದೆ ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರುಗಳಲ್ಲಿ ಮೇಷ್ಟರಾಗಿಯೇ ಸಂಸಾರ ನಡೆಸಿದರು. ಅಂಥ ಮೇಷ್ಟರ ಕೆಲಸ ಈಗ ಸುಲಭಕ್ಕೆ ಸಿಗುವುದಿಲ್ಲ. ಅದನ್ನೂ ಹುಡುಗಿಗೆ ಮುಚ್ಚಿಡದೆ ಹೇಳಿದೆ. "ಗೊತ್ತು ಮಾವ, ಜೊತೆಗೆ ಇಕನಾಮಿಕ್ಸ್ ತಗಳ್ತೆ" ಅಂದಳು. ಭಾವ ಮಾತಾಡಲಿಲ್ಲ, ಹಾಸ್ಟೆಲ್ ಫಾರ್ಮಿಗೆ ಸಹಿ ಹಾಕಿದರು.

ಬಿಇ, ಬಿಕಾಂ ಮುಗಿಸಿ ಆಫೀಸ್ ಕ್ಯಾಬಿನಲ್ಲಿ ಕೂತು ಇದನ್ನು ಓದ್ತಿರೋರಿಗೂ ಬಾಗಿಲು ಮುಚ್ಚಿಲ್ಲ. ಯಾವ ಡಿಗ್ರಿ ಆಗಿದ್ದರೂ ಇಗ್ನೋದಲ್ಲಿ ಎಂಎ ಫಿಲಾಸಫಿಗೆ ಸೇರಬಹುದು. ಸೇರುವ ಮೊದಲು ರುಚಿ ನೋಡಬೇಕು ಅಂದರೆ ಮೈಸೂರಿನ ಎಂ. ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಇದೆ, 1932ರದ್ದು. ಗಟ್ಟಿ ಪುಸ್ತಕ, ಮೆಟ್ರೋದಲ್ಲಿ ಎರಡು ಸ್ಟೇಷನ್‌ಗೆ ಒಂದು ಪುಟ ಆದರೆ ಹೆಚ್ಚು. ಮೊದಲ ಪುಟದಿಂದಲೇ ಹಿಡಿಯಬೇಡಿ, ನ್ಯಾಯ-ವೈಶೇಷಿಕದ ಅಧ್ಯಾಯದಿಂದ ಶುರು ಮಾಡಿ.