ವಿಷದ ಪರೀಕ್ಷೆ ಯಾರ ಮೈಮೇಲೆ?



ತೋಟಕ್ಕೆ ಮದ್ದು ಬಿಟ್ಟ ಮೇಲೆ ಹುಳು ಸತ್ತಿತೇ ಎಂದು ನಾವೆಲ್ಲರೂ ನೋಡುತ್ತೇವೆ. ಮದ್ದು ಬಿಟ್ಟವನ ಎದೆಯೊಳಗೆ ಏನಾಯಿತೆಂದು ನೋಡುವವರು ಕಡಿಮೆ. ಇಲಿ, ಮೊಲಗಳ ಮೇಲೆ ಪರೀಕ್ಷಿಸಿ ಇಷ್ಟು ಪ್ರಮಾಣ ಸುರಕ್ಷಿತವೆಂದು ಹೇಳುವುದು ರೂಢಿ. ಆದರೆ ಇಲಿ ತಾಳಿಕೊಂಡದ್ದನ್ನೆಲ್ಲ ಮನುಷ್ಯ ತಾಳಿಕೊಳ್ಳುತ್ತಾನೆಂಬ ಭರವಸೆಯಿಲ್ಲ.

ಈಗ ಇದಕ್ಕೊಂದು ಹೊಸ ದಾರಿ ತೆರೆದಿದೆ. 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ರಬ್ಬರಿನಂಥ ಪಾರದರ್ಶಕ ಚಿಪ್‌ನಲ್ಲಿ ಶ್ವಾಸಕೋಶದ ಮಾದರಿಯನ್ನು ರಚಿಸಿದರು. ಅದರಲ್ಲಿ ಅತಿ ಸಪುರವಾದ ಎರಡು ಕಾಲುವೆಗಳು, ನಡುವೆ ಸೂಕ್ಷ್ಮ ರಂಧ್ರಗಳಿರುವ ತೆಳುಪೊರೆ. ಪೊರೆಯ ಒಂದು ಬದಿಗೆ ಮನುಷ್ಯನ ಶ್ವಾಸಕೋಶದ ಜೀವಕೋಶಗಳು ಮತ್ತು ಗಾಳಿ. ಇನ್ನೊಂದು ಬದಿಗೆ ರಕ್ತನಾಳದ ಜೀವಕೋಶಗಳು ಮತ್ತು ಹರಿಯುವ ದ್ರವ. ಉಸಿರಾಡುವಾಗ ಆಗುವಂತೆಯೇ ಪೊರೆ ಹಿಗ್ಗಿ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗುವಾಗ ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳು ಹೆಚ್ಚಾಗಿ ಒಳಸೇರುತ್ತವೆಂದು ಅಲ್ಲಿ ಕಂಡುಬಂತು. ಗಾಜಿನ ತಟ್ಟೆಯಲ್ಲಿ ಅಲುಗಾಡದೆ ಬಿದ್ದಿರುವ ಜೀವಕೋಶ ಇದನ್ನು ತೋರಿಸಲಾರದು.

ನಮ್ಮ ಕೇಂದ್ರ ಸರಕಾರವೂ 2023ರಲ್ಲಿ ಹೊಸ ಔಷಧಗಳ ನಿಯಮಗಳನ್ನು ತಿದ್ದಿ ಇಂಥ ಚಿಪ್ ಪರೀಕ್ಷೆಗೆ ಅವಕಾಶ ನೀಡಿದೆ. ಗುಳಿಗೆಯ ವಿಷಯದಲ್ಲಿ ತೋರಿದ ಈ ಆಸಕ್ತಿಯನ್ನು ಕೀಟನಾಶಕದ ವಿಷಯದಲ್ಲೂ ತೋರಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಚಿಪ್‌ನ ಮಾತೇ ಕೊನೆಯ ಮಾತಾಗಬಾರದು. ಚಿಪ್ ಒಂದು ಅಂಗದ ತುಣುಕನ್ನು ಕೆಲವು ದಿನ ಅಥವಾ ವಾರ ತೋರಿಸೀತು. ಬಾವಿಯ ನೀರು, ತಾಯಿಯ ಗರ್ಭ, ಮಗು ಬೆಳೆಯುವ ಹತ್ತು ವರ್ಷ ಅದರೊಳಗೆ ಹಿಡಿಸವು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೇಡನ್ನು ಮೊದಲು ಗುರುತಿಸಿ ದನಿ ಎತ್ತಿದವರಲ್ಲಿ ಊರಿನ ವೈದ್ಯರೂ ಕೃಷಿಕರೂ ಇದ್ದರು. ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳಿದ್ದರು.

ಆದುದರಿಂದ ನಾವು ಎರಡನ್ನೂ ಕೇಳಬೇಕು. ಮಾರಾಟಕ್ಕೆ ಬರುವ ಮೊದಲು ಮನುಷ್ಯನ ಜೀವಕೋಶಗಳಿರುವ ಚಿಪ್‌ನಲ್ಲಿ ಪರೀಕ್ಷೆ. ಬಂದ ಮೇಲೆ, ಅದನ್ನು ಬಳಸುವ ಊರುಗಳಲ್ಲಿ ವರ್ಷವರ್ಷವೂ ಆರೋಗ್ಯ ತಪಾಸಣೆ ಮತ್ತು ಅದರ ದಾಖಲೆ. ಅಲ್ಲಿಯವರೆಗೆ ಗಾಳಿ ಬೀಸುವ ದಿಕ್ಕು ನೋಡದೆ, ಮೂಗು ಬಾಯಿಗೆ ಸರಿಯಾದ ರಕ್ಷಣೆಯಿಲ್ಲದೆ ಪಂಪು ಹೆಗಲಿಗೇರಿಸಬೇಡಿ. ನಮ್ಮ ಮಕ್ಕಳ ಮೈ ಯಾರ ಪ್ರಯೋಗಶಾಲೆಯೂ ಅಲ್ಲ.