ಕೇಸು ಮುಗಿದರೂ ಆಸ್ಪತ್ರೆ ಗೇಟು ತೆಗೆಯೋದಿಲ್ಲವೇ?

ಬೆಳಿಗ್ಗೆ ಆರು ಗಂಟೆಗೆ ವಿಜಯನಗರ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಊಟದ ಡಬ್ಬಿ ಹಿಡಿದ ಹೆಂಗಸರು, ನಿದ್ದೆಗಣ್ಣಿನ ಹುಡುಗರು ಬಸ್ಸು ಕಾಯುತ್ತಿರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಆಯಾಗಳು, ವಾರ್ಡ್‌ಬಾಯ್‌ಗಳು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇರಲಿ, ಕೆಂಗೇರಿ ಕಡೆಯ ದೊಡ್ಡ ಆಸ್ಪತ್ರೆ ಇರಲಿ, ಬಸವೇಶ್ವರನಗರದ ನರ್ಸಿಂಗ್ ಹೋಂ ಇರಲಿ, ಡಾಕ್ಟರು ಬರುವ ಮುಂಚೆ ನೆಲ ಒರೆಸಿ, ಹಾಸಿಗೆ ಬದಲಿಸಿ, ರೋಗಿಯನ್ನು ಮಗ್ಗುಲು ತಿರುಗಿಸಿ ಮಲಗಿಸುವವರು ಇಂಥವರೇ.

ಈ ಕೆಲಸಕ್ಕೆ ನಂಬಿಕಸ್ಥ ಜನ ಸಿಗೋದಿಲ್ಲ ಅಂತ ಆಸ್ಪತ್ರೆಯವರ ಗೋಳು. ಕೆಲಸ ಸಿಗೋದಿಲ್ಲ ಅಂತ ಹುಡುಗರ ಗೋಳು. ಕೆಲವರ ಪಾಲಿಗೆ ನಡುವೆ ಅಡ್ಡ ನಿಂತಿರೋದು ಒಂದೇ ಒಂದು ಕಾಗದ. ಅದೇ ಪೊಲೀಸ್ ವೆರಿಫಿಕೇಷನ್.

ಮಾಗಡಿ ರಸ್ತೆ ಕಡೆಯ ಒಬ್ಬ ಹುಡುಗ ನನಗೆ ಗೊತ್ತು. ಹೆಸರು ಬೇಡ. ಹತ್ತೊಂಬತ್ತರ ವಯಸ್ಸಿನಲ್ಲಿ ಗಣೇಶನ ಮೆರವಣಿಗೆಯಲ್ಲಿ ಹೊಡೆದಾಟ ಆಯಿತು. ಸಿಕ್ಕವರನ್ನೆಲ್ಲ ಜೀಪಿಗೆ ತುಂಬಿದರು, ಇವನೂ ಸೇರಿಕೊಂಡ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಬಿಡುಗಡೆ ಆಯಿತು. ಆಮೇಲೆ ಹಾಸಿಗೆ ಹಿಡಿದ ಒಬ್ಬ ಯಜಮಾನರನ್ನು ಅವರು ಕಣ್ಣು ಮುಚ್ಚೋವರೆಗೂ ಮನೆಯಲ್ಲೇ ಇದ್ದು ನೋಡಿಕೊಂಡ. ಆ ಮನೆಯವರು ಇವತ್ತಿಗೂ ಹಬ್ಬಕ್ಕೆ ಕರೆಯುತ್ತಾರೆ. ಆದರೆ ಒಂದು ಆಸ್ಪತ್ರೆಯ ಕಂಟ್ರಾಕ್ಟರು, "ಕೇಸಿತ್ತಾ? ಹಾಗಾದ್ರೆ ಬೇಡಪ್ಪ" ಎಂದು ಅರ್ಜಿ ವಾಪಸು ಕೊಟ್ಟ. ಯಾವ ಕೇಸು, ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ!

ಕೇಸು ಬಿದ್ದವರೆಲ್ಲ ಅಪರಾಧಿಗಳಲ್ಲ ಸ್ವಾಮಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತಪ್ಪು ಸಾಬೀತಾಗಿರಲಿಲ್ಲ. ಇವರೆಲ್ಲ ಹೊರಗೆ ಬಂದ ಮೇಲೆ ಹೊಟ್ಟೆಪಾಡಿಗೆ ಏನು ಮಾಡಬೇಕು?

ಹಾಗಂತ ರೋಗಿಗಳ ಕಡೆಯವರ ಭಯವನ್ನು ತಳ್ಳಿಹಾಕೋ ಹಾಗಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರು ಅಸಹಾಯಕರು. ಮೈಮೇಲೆ ಪ್ರಜ್ಞೆ ಇರೋದಿಲ್ಲ, ಕೈಯಲ್ಲಿ ಬಳೆ ಇರುತ್ತದೆ, ಪಕ್ಕದಲ್ಲಿ ಮಗು ಇರುತ್ತದೆ. ಹೆಂಗಸರು ಮಕ್ಕಳ ಮೇಲೆ ಕೈಮಾಡಿ ಶಿಕ್ಷೆಯಾದವನನ್ನು ವಾರ್ಡಿಗೆ ಬಿಡಬೇಕೆಂದು ಯಾರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ನಾವು ಕೇಳುವುದಿಷ್ಟೇ: ಅವನನ್ನೂ ಮೆರವಣಿಗೆಯ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಾನೂನೇ ಹಾಗೆ ತೂಗುವುದಿಲ್ಲ. ಸಣ್ಣಪುಟ್ಟ ತಪ್ಪಿಗೆ ಜೈಲಿನ ಬದಲು ಎಚ್ಚರಿಕೆ ಕೊಟ್ಟೋ, ಒಳ್ಳೇ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಕೋರ್ಟು ಬಿಟ್ಟು ಕಳಿಸುವುದಕ್ಕೆ 1958ರ ಪ್ರೊಬೇಷನ್ ಕಾಯ್ದೆ ಇದೆ. ಹಾಗೆ ಬಿಟ್ಟವರಿಗೆ ಶಿಕ್ಷೆಯ ಹೆಸರಿನಲ್ಲಿ ಅನರ್ಹತೆ ಅಂಟಬಾರದು ಎಂದು ಅದರ 12ನೇ ಕಲಮು ಹೇಳುತ್ತದೆ. ಹದಿನೆಂಟು ತುಂಬದವರು ಮಾಡಿದ ತಪ್ಪಿಗೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇಂಥದೇ ರಕ್ಷಣೆ ಇದೆ. ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಣೆಗೆ ಒಳಗಾದ 16 ದಾಟಿದವರು ಮಾತ್ರ ಇದಕ್ಕೆ ಹೊರತು.

ಸರ್ಕಾರಿ ಕೆಲಸದ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ದಾರಿ ತೋರಿಸಿದೆ. ಅರ್ಜಿದಾರ ನಿಜ ಹೇಳಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ವಿಷಯವಾದರೆ, ಮುಚ್ಚಿಟ್ಟಿದ್ದರೂ ಮೇಲಧಿಕಾರಿ ಮನ್ನಿಸಬಹುದು. ಗಂಭೀರವಾದರೆ ಬೇಡ ಎನ್ನಬಹುದು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ, ಆದರೆ ವಿಚಾರ ಮಾಡಿ ನಿರ್ಧರಿಸಬೇಕು. ಆಸ್ಪತ್ರೆ ಕಂಟ್ರಾಕ್ಟರಿಗೂ ಇಷ್ಟು ವಿವೇಕ ಇದ್ದರೆ ಸಾಕು.

ನಮ್ಮ ರಾಜ್ಯದಲ್ಲೇ ಇನ್ನೂ ದೊಡ್ಡ ಉದಾಹರಣೆ ಇದೆ. ಕಲಬುರಗಿ ಜಿಲ್ಲೆ ಅಫಜಲಪುರದ ಸುಭಾಷ್ ಪಾಟೀಲರು 1997ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರು. 2002ರಲ್ಲಿ ಕೊಲೆ ಕೇಸಿನಲ್ಲಿ ಜೈಲು ಸೇರಿದರು. ಅಲ್ಲಿ ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡಿದರು. ಸನ್ನಡತೆಯ ಮೇಲೆ 2016ರಲ್ಲಿ ಬಿಡುಗಡೆಯಾಗಿ, ಮತ್ತೆ ಕಾಲೇಜಿಗೆ ಹೋಗಿ 2019ರಲ್ಲಿ ಓದು ಮುಗಿಸಿ, ಮುಂದಿನ ವರ್ಷ ಇಂಟರ್ನ್‌ಶಿಪ್ಪನ್ನೂ ಮುಗಿಸಿದರು. ಅಂಥ ಕೇಸಿನಲ್ಲಿ ಹದಿನಾಲ್ಕು ವರ್ಷ ಒಳಗಿದ್ದವರಿಗೆ ವೈದ್ಯಕೀಯ ಕಾಲೇಜು ಬಾಗಿಲು ತೆಗೆಯಿತು. ಬಿಡುಗಡೆಯಾದ ಹುಡುಗನಿಗೆ ಸ್ಟ್ರೆಚರ್ ತಳ್ಳುವ ಕೆಲಸ ಇಲ್ಲವೇ?

ಬಾಗಿಲು ಮುಚ್ಚಿದರೆ ಏನಾಗುತ್ತದೆ ಅಂತ ನಮ್ಮ ಅಂಗಡಿ ಮಾಲೀಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಜ ಹೇಳಿದವನಿಗೆ ಕೆಲಸ ಇಲ್ಲ ಅಂದರೆ ಮುಂದಿನವನು ಸುಳ್ಳು ಹೇಳುತ್ತಾನೆ. ಆಗ ರೋಗಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ.

ಆಸ್ಪತ್ರೆಯವರು ಒಂದು ನಿಯಮ ಬರೆದು ಗೋಡೆಗೆ ಹಾಕಲಿ. ಯಾವ ಕೇಸು, ಎಷ್ಟು ವರ್ಷ ಆಯಿತು, ತೀರ್ಪು ಏನು, ಆಮೇಲಿನ ನಡತೆ ಹೇಗೆ ಎಂಬ ನಾಲ್ಕು ಪ್ರಶ್ನೆ ಕೇಳಲಿ. ಅನುಮಾನ ಬಂದರೆ ಮೊದಲು ಲಾಂಡ್ರಿಗೋ ಅಡಿಗೆಮನೆಗೋ ಹಾಕಿ ನೋಡಲಿ. ಠಾಣೆಯವರು "ಕೇಸಿದೆ" ಎಂದು ಬರೆದು ಸುಮ್ಮನಾಗದೆ, ಬಿಡುಗಡೆಯಾಗಿದ್ದರೆ ಅದನ್ನೂ ಅದೇ ಕಾಗದದಲ್ಲಿ ಬರೆಯಲಿ. ಕೆಲಸ ಹುಡುಕುವ ಹುಡುಗರು ತೀರ್ಪಿನ ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಏನನ್ನೂ ಮುಚ್ಚಿಡುವುದು ಬೇಡ.

ಕೋರ್ಟು ಕೊಟ್ಟ ಬಿಡುಗಡೆಗೆ ಆಸ್ಪತ್ರೆ ಗೇಟಿನಲ್ಲಿ ಬೆಲೆ ಇಲ್ಲ ಅಂದರೆ ಅದು ಎಂಥ ಬಿಡುಗಡೆ? ಸಂಬಂಧಪಟ್ಟವರು ಯೋಚಿಸುವರೇ?